ಮಣ್ಣಿನ ದೊರೆಯ ದೂರು

ಬೆನ್ನಿನ ಬ್ಯಾಗಿನಲ್ಲಿ ದೇವರು ಕೂತಿದ್ದ, ಅದಕ್ಕೇ ಸೋಮನಾಥನಿಗೆ ಮೈಯೆಲ್ಲ ಉರಿಯುತ್ತಿತ್ತು. ಭಾನುವಾರದ ಮಧ್ಯಾಹ್ನ ದಾದರ್ ಸ್ಟೇಷನ್ನಿನ ಬ್ರಿಜ್ಜಿನ ಮೇಲೆ ಜನ ಕಡಿಮೆ ಇರಬೇಕಿತ್ತು, ಇರಲಿಲ್ಲ. ನಿನ್ನೆ ಗಣಪತಿಯನ್ನು ಸಮುದ್ರಕ್ಕೆ ಬಿಟ್ಟು, ಬೆಳಗಾಗುವ ತನಕ ಕುಣಿದು, ಗಂಟಲು ಹರಿದುಕೊಂಡ ಊರು ಕೂದಲಲ್ಲಿ ಗುಲಾಲು ಇಟ್ಟುಕೊಂಡೇ ತಿರುಗಾಡುತ್ತಿತ್ತು. ಎಲ್ಲರ ಮುಖದಲ್ಲೂ ಮಾಡುವ ಕೆಲಸ ಮಾಡಿ ಮುಗಿಸಿದವರ ನೆಮ್ಮದಿ. ಒಬ್ಬ ದಡಿಯ ಹಿಂದಿನಿಂದ ನೂಕಿದ. ಸೋಮನಾಥ ಬ್ಯಾಗನ್ನು ಎದೆಗೆ ತಂದುಕೊಂಡು, "ಧಕ್ಕಾ ಕಾಯ್ಕೋ ಮಾರ್ತಾ ಹೈ ರೇ!" ಎಂದು ಕಿರುಚಿದ. ದಡಿಯ ಮೆಟ್ಟಿಲಿಳಿದು ಹೋದ. ಯಾರೂ ತಿರುಗಿ ನೋಡಲಿಲ್ಲ. ಈ ಊರಿನಲ್ಲಿ ಅವನಿಗೆ ನೂಕು, ಬೆವರು, ನಾಲೆಯ ನಾತ ಎಲ್ಲ ರೂಢಿಯಾಗಿತ್ತು; ಕಿರುಚಿದರೂ ಯಾರೂ ತಿರುಗಿ ನೋಡದಿರುವುದೊಂದು ಮಾತ್ರ ಇವತ್ತಿಗೂ ರೂಢಿಯಾಗಿರಲಿಲ್ಲ.

ದೇವರನ್ನು ಬ್ಯಾಗಿಗೆ ಹಾಕಿದವಳು ಅವ್ವ. ಬೆಳಿಗ್ಗೆ ಭಾಂಡುಪಿನ ಗುಡ್ಡದ ಚಾಳಿನಲ್ಲಿ ಅವನು ತನ್ನ ಆಟದ ದಾಳಗಳನ್ನೂ ನಕ್ಷೆಗಳನ್ನೂ ತುಂಬಿಕೊಳ್ಳುತ್ತಿರುವಾಗ ರಾಚವ್ವ ಬುಟ್ಟಿಯಿಂದ ಜೋಕುಮಾರನನ್ನು ಎತ್ತಿ, ಹಳೆಯ ಸೀರೆಯ ತುಂಡಿನಲ್ಲಿ ಬೇವಿನ ಸೊಪ್ಪಿನ ಸಮೇತ ಸುತ್ತಿ, ಆ ನಕ್ಷೆಗಳ ಮೇಲೇ ಕೂರಿಸಿಬಿಟ್ಟಳು.

"ಅಗಸರ ಭೀಮರಾಯ ಈ ಸಲ ಇತ್ತಾಗ ಬರಂಗಿಲ್ಲಂತ, ಮೊಣಕಾಲು ಹಿಡದಾವಂತ. ನೀ ಹೆಂಗೂ ಕಾಂದಿವಲಿಗೆ ಹೊಂಟೀದಿ. ಅವನ ಕೈಯಾಗ ಕೊಟ್ಟು ನಿನ್ನ ಹಾದಿ ನೀ ಹಿಡಿ."

"ಅವ್ವಾ, ನನಗ ಕೆಲಸ ಐತಿ."

"ಗೊತ್ತೈತಿ ನಿನ್ನ ಕೆಲಸ. ಸಣ್ಣ ಹುಡುಗರಂಗ ದಾಳಾ ಉರುಳಿಸೂದು. ನನಗ ಗಣಪತಿ ಮಂಡಪದ ಕಸಾ ತಗಿಯೂದೈತಿ, ಇವತ್ತ ರಜಾ ಕೊಡಂಗಿಲ್ಲ ಅವರು. ರಾತ್ರಿ ಗ್ರಹಣ ಬ್ಯಾರೆ. ಹೊತ್ತು ಮುಣಗೂದ್ರಾಗ ಆಗಬೇಕು ನೋಡು. ಎಲ್ಲೂ ಇಳಿಸಬ್ಯಾಡ. ಅಂವಾ ಬಡಿಯೂ ಮುಂದ ತಿರುಗಿ ನೋಡಬ್ಯಾಡ. ಹೊತ್ತವರು ಬಡೀಬಾರದು, ಹೊತ್ತವರು ಅಳಬೇಕು."

"ನನಗ ಅಳಾಕ ಬರಂಗಿಲ್ಲ."

"ಅದೂ ಗೊತ್ತೈತಿ," ಎಂದಳು ರಾಚವ್ವ. "ಬಾಯಿ ಮ್ಯಾಲ ಕೈಯರ ಬಡಕೋ. ಸಪ್ಪಳ ಆದ್ರ ಸಾಕು."

ಅವರ ಕಡೆ ಭಾದ್ರಪದದಲ್ಲಿ ಇಬ್ಬರು ಬರುತ್ತಾರೆ. ಮೊದಲು ಬರುವ ಗಣಪತಿ ಕಡುಬು ತಿಂದು, ಮೇಲೆ ಹೋಗಿ, ಭೂಮಿಯಲ್ಲಿ ಎಲ್ಲ ಚೆನ್ನಾಗಿದೆ ಎಂದು ತಂದೆತಾಯಿಗೆ ಹೇಳುತ್ತಾನೆ. ಅವನ ಬೆನ್ನಿಗೇ ಜೋಕುಮಾರ ಹುಟ್ಟುತ್ತಾನೆ, ಏಳೇ ದಿನದ ಆಯುಷ್ಯ. ಅಂಬಿಗರ ಹೆಂಗಸರು ಆ ಮಣ್ಣಿನ ಮೂರ್ತಿಯನ್ನು ಬುಟ್ಟಿಯಲ್ಲಿ ಹೊತ್ತು ಮನೆಮನೆ ತಿರುಗುತ್ತಾರೆ. ಜನ ಅವನ ತುಟಿಗೆ ಬೆಣ್ಣೆ ಹಚ್ಚಿ ಹೊಟ್ಟೆಯೊಳಗಿನ ಸಂಕಟ ಹೇಳಿಕೊಳ್ಳುತ್ತಾರೆ. ಹುಣ್ಣಿಮೆಯ ದಿನ ಅಗಸರು ಅವನನ್ನು ಕಲ್ಲಿನ ಮೇಲೆ ಬಡಿದು ಕೊಲ್ಲುತ್ತಾರೆ. ಸತ್ತ ಮೇಲೆಯೇ ಅವನು ಮೇಲೆ ಹೋಗುವುದು, ಇದ್ದದ್ದನ್ನು ಇದ್ದ ಹಾಗೆ ಹೇಳುವುದು. ಬಡಿಯದಿದ್ದರೆ ದೂರು ಅವನ ಬಾಯಲ್ಲೇ ಕೊಳೆಯುತ್ತದೆ. ರಾಚವ್ವ ಕೆಲಸ ಮುಗಿಸಿ ಬಂದು, ಸಂಜೆ ಸಂಜೆ ಭಾಂಡುಪ್ ಮತ್ತು ಧಾರಾವಿಯ ಕನ್ನಡದ ಓಣಿಗಳಲ್ಲಿ ಬುಟ್ಟಿ ಹೊತ್ತು, ಮಂದಿಯ ದೂರುಗಳನ್ನೆಲ್ಲ ಅವನ ಕಿವಿಗೆ ಹಾಕಿಸಿ, ಕೊನೆಗೆ ತನ್ನದೊಂದನ್ನು ಸೇರಿಸುತ್ತಾಳೆ. ಅದು ವರ್ಷ ವರ್ಷವೂ ಅದೇ. ನನ್ನ ಗಂಡ ಕುಡಿದಿರಲಿಲ್ಲ.

ಗೋಡೆಗೆ ಸಿಮೆಂಟಿನ ಗಿಲಾಯಿ ಮಾಡುವ ಅಪ್ಪ ಸಿದ್ದರಾಮಪ್ಪ, ನಿಂತು ಕೆಲಸ ಮಾಡಲು ಕಟ್ಟಿದ ಬಿದಿರಿನ ಪರಾಂಚಿಯ ಮೇಲಿಂದ ಬಿದ್ದಾಗ ಸೋಮನಾಥ ಇನ್ನೂ ಶಾಲೆಯಲ್ಲಿದ್ದ. ಬಿದಿರು ಕಟ್ಟಿದ ಹಗ್ಗ ಕೊಳೆತಿತ್ತು ಎಂದು ಜೊತೆಯ ಕೆಲಸಗಾರರು ಅಂದರು. ಮಣ್ಣು ಮಾಡಿ ಬರುವಷ್ಟರಲ್ಲಿ ಅವರೂ ಅನ್ನುವುದನ್ನು ಬಿಟ್ಟರು. ಕುಡಿದು ಬಿದ್ದ ಎಂದು ಠೇಕೆದಾರ ಹೇಳಿದ. ಕುಡಿದು ಬಿದ್ದ ಎಂದು ಪೊಲೀಸ್ ಚೌಕಿಯಲ್ಲಿ ಬರೆದುಕೊಂಡರು. ಕುಡಿದು ಬಿದ್ದನಂತೆ ಎಂದು ಚಾಳಿನ ನಲ್ಲಿಯ ಮುಂದೆ ಹೆಂಗಸರು ಅಂದರು. ಹೆಂಡದ ವಾಸನೆ ಬಂದರೆ ರಸ್ತೆಯ ಆಚೆ ಬದಿಗೆ ದಾಟಿ ನಡೆಯುತ್ತಿದ್ದ ಮನುಷ್ಯ! ಸತ್ತದ್ದಂತೂ ಸತ್ತ, ಕುಡುಕನಾಗಿ ಸತ್ತ. ಲೋಕಲ್ ರೈಲು ಕಾಂದಿವಲಿಗೆ ಹತ್ತಿರವಾದಂತೆ ಸೋಮನಾಥ ಹಲ್ಲು ಕಡಿಯತೊಡಗಿದ. ಎದುರಿನ ಸೀಟಿನ ಮುದುಕಿ ಮೂಗಿಗೆ ಸೆರಗು ಹಿಡಿದಳು. ಬೇವಿನ ಸೊಪ್ಪಿಗೆ ಮೆತ್ತಿದ ಹಳೆಯ ಬೆಣ್ಣೆ ಬಿಸಿಲಿಗೆ ಕಮಟು ಹೊಡೆಯುತ್ತಿತ್ತು, ಮುದುಕಿ ಅವನನ್ನೇ ನೋಡಿದಳು, ಅವನು ಕಿಟಕಿಯ ಕಡೆ ತಿರುಗಿಕೊಂಡ. ಏಳು ದಿನ ಓಣಿಯ ಹೆಂಗಸರೆಲ್ಲ ಹಚ್ಚಿದ ಬೆಣ್ಣೆ. ನಾತ ನನ್ನದಲ್ಲ ಎಂದು ಹೇಳಬೇಕೆನಿಸಿತು, ಹಾಗೆ ಅನಿಸಿದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು.

ಅಪ್ಪ ಬಿದ್ದ ಬಿಲ್ಡಿಂಗು ಕಾಂದಿವಲಿಯದು. ಎರಡು ವರ್ಷದ ಹಿಂದೆ ಆಫೀಸಿನ ಅನಿಕೇತ್, ಒಳ್ಳೆಯ ಹುಡುಗ, ಟೀಮ್ ಲೀಡರ್ ಆದರೂ ಹೆಗಲ ಮೇಲೆ ಕೈಹಾಕಿ ಮಾತಾಡುವವನು, ಸಂಡೇ ಮನೆಗೆ ಬಾ, ಒಂದು ಆಟ ಕಲಿಸ್ತೀನಿ ಎಂದು ಫೋನಿಗೆ ವಿಳಾಸ ಕಳಿಸಿದ್ದ. ಅದನ್ನು ನೋಡುತ್ತ ಸೋಮನಾಥ ಕ್ಯಾಂಟೀನಿನಲ್ಲಿ ಚಹಾ ಆರಿಹೋಗುವ ತನಕ ಕೂತಿದ್ದ. ಅದೇ ಬಿಲ್ಡಿಂಗು. ಅದೇ ಏಳನೇ ಮಾಳಿಗೆ. ಹೋಗಬಾರದಿತ್ತು. ಹೋದ. ಆಟವೆಂದರೆ ಇಷ್ಟು: ಒಬ್ಬ ಒಂದು ಲೋಕ ಕಟ್ಟಿ ಬಾಯಲ್ಲಿ ನಡೆಸಬೇಕು, ಮೇಜಿನ ಸುತ್ತ ಕೂತವರು ಆ ಲೋಕದೊಳಗೆ ವೀರರಾಗಿ ತಿರುಗಬೇಕು, ಅವರು ಮಾಡಿದ್ದು ಫಲಿಸಿತೋ ಇಲ್ಲವೋ ಇಪ್ಪತ್ತು ಮುಖದ ದಾಳ ಹೇಳಬೇಕು. ಅವತ್ತು ಅವರ ಬಾಲ್ಕನಿಯಲ್ಲಿ ನಿಂತು ಕೆಳಗೆ ನೋಡಿದ. ಈಜುಕೊಳದ ಪಕ್ಕ ಮಕ್ಕಳು ಸೈಕಲ್ ಹೊಡೆಯುತ್ತಿದ್ದವು. ಒಳಗೆ ಬಂದು, ಮುಂದಿನ ಲೋಕ ನಾನು ಕಟ್ತೀನಿ ಎಂದುಬಿಟ್ಟ. ತನ್ನ ದನಿ ಅಷ್ಟು ಗಟ್ಟಿಯಾಗಿ ಹೊರಟಿದ್ದು ಅವನಿಗೇ ಆಶ್ಚರ್ಯ.

ಹಳೆಯ ಕ್ಯಾಲೆಂಡರುಗಳ ಬೆನ್ನಿನ ಮೇಲೆ ಅವನು ಕಗ್ಗಲ್ ಎಂಬ ರಾಜ್ಯ ಕಟ್ಟಿದ. ಸೂರ್ಯ ಹುಟ್ಟದ ಊರು. ಅಲ್ಲಿಯ ಗೋಪುರಗಳು ಮಾಳಿಗೆಗೊಂದು ಹೆಣ ಕೇಳುತ್ತವೆ. ನುಂಗಿದವರನ್ನು ಗೋಡೆಯೊಳಗೆ ಮೆತ್ತಿಕೊಂಡು ಮೇಲೆ ಬೆಳೆಯುತ್ತವೆ. ಮೇಲಿನವರು ಉಣ್ಣುವ ಹೊತ್ತಿಗೆ ಗೋಡೆಯಿಂದ ಪಿಸುಗುಟ್ಟುವ ದನಿ ಬಂದರೆ ವೀಣೆ ಬಾರಿಸಲು ಹೇಳುತ್ತಾರೆ. ವರ್ಷಕ್ಕೊಮ್ಮೆ ಒಬ್ಬ ತುಂಬಿದ ಹೊಟ್ಟೆಯ ದೂತ ಬಂದು ಉಂಡು, ಎಲ್ಲ ಸುಖ ಎಂದು ಆಕಾಶಕ್ಕೆ ವರದಿ ಒಯ್ಯುತ್ತಾನೆ. ಅವನ ಹಿಂದೆ ಮಣ್ಣಿನಿಂದ ಒಬ್ಬ ದೊರೆ ಏಳುತ್ತಾನೆ, ಗೋಡೆಗೆ ಕಿವಿಯಿಟ್ಟು ಸತ್ತವರ ಮಾತು ಕೇಳುತ್ತಾನೆ, ಏಳನೇ ದಿನ ಕಲ್ಲಿನ ಮೇಲೆ ಬಡಿಸಿಕೊಂಡು ಸಾಯುತ್ತಾನೆ. ಎಲ್ಲಿಂದ ತರ್ತೀಯ ಇದನ್ನೆಲ್ಲ, ಜೀನಿಯಸ್ ಹೈ ಯಾರ್ ತೂ, ಎಂದು ಅನಿಕೇತ್ ಕೇಳಿದಾಗಲೆಲ್ಲ, ಹೀಗೇ ಹೊಳೀತು, ಎನ್ನುತ್ತಿದ್ದ. ಜೋಕುಮಾರನ ಹೆಸರಾಗಲಿ ಅವ್ವನ ಬುಟ್ಟಿಯಾಗಲಿ ಬಾಯಿಂದ ಬರಲಿಲ್ಲ. ಆದರೆ ಲೆಕ್ಕಾಚಾರ ಬೇರೆ ಇತ್ತು. ಎರಡು ವರ್ಷ ಅವರನ್ನು ಕಾಡು, ಸುರಂಗ, ಪಿಶಾಚಿಗಳ ಸಂತೆ ಸುತ್ತಿಸಿ, ಕಟ್ಟಕಡೆಗೆ ಒಂದು ಗೋಪುರದ ಏಳನೇ ಮಾಳಿಗೆಗೆ ಕರೆತಂದು, ಬಿದ್ದವನೊಬ್ಬನ ಹೆಣದ ಮುಂದೆ ನಿಲ್ಲಿಸಿ, ಅವನು ಹೇಗೆ ಬಿದ್ದನೆಂದು ಅವರ ಬಾಯಿಂದಲೇ ಹೇಳಿಸಬೇಕು. ಹೇಳಿಸಿದ ಮೇಲೆ, ನೋಡಿ, ಅವನು ನಮ್ಮಪ್ಪ ಎನ್ನಬೇಕು. ಆ ಭಾನುವಾರ ಇವತ್ತು.

ಮುಂದಿನ ಗೇಟಿನ ಪಕ್ಕ, ಕಾಂಪೌಂಡಿಗೆ ಆತುಕೊಂಡು ಭೀಮರಾಯನ ಇಸ್ತ್ರಿಯ ಮೇಜು. ಬಿಲ್ಡಿಂಗು ಕಟ್ಟುವಾಗ ಸೂಪರ್‌ವೈಸರನ ಕೈಕಾಲು ಹಿಡಿದು ಅವನಿಗೆ ಆ ಜಾಗ ಮಾಡಿಕೊಟ್ಟವನು ಅಪ್ಪನೇ. ಮೂರ್ತಿಯನ್ನು ಕೊಟ್ಟುಬಿಟ್ಟರೆ ಮುಗಿಯಿತು. ಆದರೆ ಕೊಟ್ಟರೆ ನಿಲ್ಲಬೇಕು, ಬಾಯಿ ಬಡಿದುಕೊಳ್ಳಬೇಕು, ಅಷ್ಟರಲ್ಲಿ ಮೇಲಿನಿಂದ ಯಾರಾದರೂ ಇಣುಕಿದರೆ? ಆಟ ಮುಗಿದ ಮೇಲೆ ಕೊಟ್ಟರಾಯಿತು, ಹೊತ್ತು ಇನ್ನೂ ಎಲ್ಲಿ ಮುಳುಗಿದೆ ಎಂದುಕೊಂಡು ಎಂದಿನಂತೆ ಹಿಂದಿನ ಗೇಟಿಗೆ ಬಳಸಿಕೊಂಡು ಹೋದ. ಎರಡು ವರ್ಷದಿಂದ ನೋಡುತ್ತಿರುವ ವಾಚ್‌ಮನ್ ಇವತ್ತೂ ಬ್ಯಾಗು ನೋಡಿ, "ಡೆಲಿವರಿ? ಸರ್ವಿಸ್ ಲಿಫ್ಟ್ ಉಧರ್," ಎಂದ. ಸೋಮನಾಥ ಎಂದಿನಂತೆ ಸರ್ವಿಸ್ ಲಿಫ್ಟಿನಲ್ಲೇ ಹೋದ. ಇವನ ಮನೆ ಹಾಳಾಗ ಎಂದು ಏಳು ಮಾಳಿಗೆಯುದ್ದಕ್ಕೂ ಬೈದ.

ಮೇಲೆ ಎಲ್ಲ ಸಿದ್ಧವಾಗಿತ್ತು. ಪರದೆ ಎಳೆದು, ಸುಗಂಧದ ಮೇಣದ ಬತ್ತಿ ಹಚ್ಚಿ, ಎಲ್ಲಿಂದಲೋ ನರಿ ಊಳಿಡುವ ಸಂಗೀತ ಹಾಕಿದ್ದರು. ಅನಿಕೇತ್‌ನ ಹೆಂಡತಿ ಸ್ನೇಹಲ್ ಪಿಜ್ಜಾ ತೆಗೆದಿಟ್ಟಳು. ಆಫೀಸಿನ ಇನ್ನೊಬ್ಬಳು ಶುಭಾಂಗಿ, ಬೆಳಗಾವಿಯ ಬಟ್ಟೆ ವ್ಯಾಪಾರಿಯ ಮಗಳು, ಕನ್ನಡ ಬಂದರೂ ಬಾರದವಳ ಹಾಗೆ ಇರುವವಳು, ಸೋಫಾದ ಮೇಲೆ ಕಾಲು ಮಡಚಿ ಕೂತಿದ್ದಳು. ಸೋಮನಾಥ ಕೈ ತೊಳೆದು ಬರುವಷ್ಟರಲ್ಲಿ ನಕ್ಷೆ ತೆಗೆಯಲು ಹೋದ ಸ್ನೇಹಲ್ ಬ್ಯಾಗಿನಿಂದ ಸೀರೆಯ ಗಂಟನ್ನು ತೆಗೆದು ಬಿಚ್ಚಿಬಿಟ್ಟಿದ್ದಳು.

"ಓ ಮೈ ಗಾಡ್! ಮಣ್ಣಿನ ದೊರೆ! ಫಿನಾಲೆಗೋಸ್ಕರ ಪ್ರಾಪ್ ಮಾಡ್ಕೊಂಡು ಬಂದಿದಾನೆ!"

ಮೇಜಿನ ನಡುವೆ, ಕಗ್ಗಲ್ಲಿನ ನಕ್ಷೆ ಹಾಸುವ ಜಾಗದಲ್ಲಿ, ಪಿಜ್ಜಾದ ಡಬ್ಬಿಯ ಪಕ್ಕ ಜೋಕುಮಾರ ಇಳಿದಿದ್ದ. ಗುಂಡಗಣ್ಣು, ಹುರಿಮೀಸೆ, ಬೆಣ್ಣೆ ತಿಂದು ತಿಂದು ಕಪ್ಪಗಾದ ತೆರೆದ ಬಾಯಿ. ಬೇವಿನ ಎಲೆ ಸರಿದು ತೊಡೆಯ ನಡುವಿನದು ನೆಟ್ಟಗೆ ಕಾಣುತ್ತಿತ್ತು. ಮಕ್ಕಳಾಗದವರು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಅತ್ತದ್ದನ್ನು ಸೋಮನಾಥ ನೋಡಿದ್ದ. ಇಲ್ಲಿ ಅನಿಕೇತ್ ಹೊಟ್ಟೆ ಹಿಡಿದುಕೊಂಡು ನಕ್ಕ, "ಭಾಯ್, ದೊರೆ ಫುಲ್ ತಯಾರಿ ಮೇ ಹೈ," ಎಂದು ಫೋಟೋ ತೆಗೆದ. ಸ್ನೇಹಲ್ ಬೆಣ್ಣೆ ಮುಟ್ಟಿ ಮೂಸಿ, ಯಕ್, ಎಷ್ಟು ರಿಯಲ್, ಎಂದಳು. ಶುಭಾಂಗಿ ಮಾತ್ರ ನಗಲಿಲ್ಲ. ಕತ್ತು ಮುಂದೆ ಚಾಚಿ ನೋಡಿ, "ಇದು... ಅಜ್ಜೀ ಮನಿಗೆ ಬರ್ತಿತ್ತು. ಬುಟ್ಟೀ ಒಳಗ. ಅಲ್ಲಾ?" ಎಂದು ತಡವರಿಸುವ ಕನ್ನಡದಲ್ಲಿ, ಅವನಿಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಕೇಳಿದಳು.

"ಇಲ್ಲ. ನಾನೇ ಮಾಡಿದ್ದು," ಎಂದ ಸೋಮನಾಥ, ಹಿಂದಿಯಲ್ಲಿ. ಬೆಳಿಗ್ಗೆಯಿಂದ ಹೊತ್ತುಕೊಂಡು ಬಂದ ಸಿಟ್ಟಿಗೆ ಈಗ ಒಂದು ಮುಖ ಸಿಕ್ಕಿತ್ತು, ಅದು ಎದುರಿನವರದಲ್ಲ, ತನ್ನದೇ. ಮೂರ್ತಿಯನ್ನು ಎತ್ತಿ ಬ್ಯಾಗಿಗೆ ಹಾಕಿಕೊಳ್ಳುವುದಕ್ಕೆ ಒಂದು ಕ್ಷಣ ಸಾಕಿತ್ತು. ಕೈ ಏಳಲಿಲ್ಲ. ಎಲ್ಲರೂ ಕಾಯುತ್ತಿದ್ದರು. ಅವನು ದನಿ ತಗ್ಗಿಸಿ ಆಟ ಶುರು ಮಾಡಿದ.

ಮೊದಲ ಅರ್ಧ ಗಂಟೆ ತಾನೇ ಮರೆತುಹೋಗುವಷ್ಟು ಚೆನ್ನಾಗಿ ನಡೆಸಿದ. ಅನಿಕೇತ್‌ನ ಸರದಾರ, ಸ್ನೇಹಲ್‌ಳ ಕಳ್ಳಿ, ಶುಭಾಂಗಿಯ ಮಂತ್ರಗಾತಿ ಮೂವರೂ ಕಪ್ಪು ಗೋಪುರ ಹತ್ತಿ, ಏಳನೇ ಮಾಳಿಗೆಯಿಂದ ಕೆಳಗಿಣುಕಿ, ಹೊಂಡದ ಬದಿಗೆ ಬಿದ್ದಿದ್ದ ಮನುಷ್ಯನನ್ನು ಕಂಡು, ಇಳಿದು ಅವನ ಹತ್ತಿರ ಬಂದರು. ಕೈಯಲ್ಲಿ ಗಿಲಾಯಿಯ ಕರಣೆ ಹಾಗೇ ಇತ್ತು ಎಂದ ಸೋಮನಾಥ. ಉಗುರಿನ ಸಂದಿಯಲ್ಲಿ ಸಿಮೆಂಟು. ಒಂದು ಕಾಲಿನ ಚಪ್ಪಲಿ ಮೇಲೆ, ಮಾಳಿಗೆಯಲ್ಲೇ ಉಳಿದಿದೆ. ಮೇಲೆ ಬಿದಿರಿಗೆ ಸುತ್ತಿದ ಹಗ್ಗದ ತುದಿ ಗಾಳಿಗೆ ಅಲ್ಲಾಡುತ್ತಿದೆ. ಹಗ್ಗದ ತುದಿ ಎಂದು ಎರಡು ಸಲ ಒತ್ತಿ ಹೇಳಿದ. ನೋಡಿ, ದೇವರಾಣೆ, ಆ ಹಗ್ಗ ನೋಡಿ, ಎಂದು ಒಳಗೊಳಗೇ ಬೇಡಿಕೊಂಡ. ಯಾರೂ ಹಗ್ಗದ ಕಡೆ ಹೋಗಲಿಲ್ಲ.

"ನಾನು ಅವನ ಬಾಯಿ ಮೂಸಿ ನೋಡ್ತೀನಿ," ಎಂದಳು ಸ್ನೇಹಲ್, ಪಿಜ್ಜಾದ ತುಂಡು ಅಗಿಯುತ್ತ. "ದಾರು ಪೀಕೇ ಗಿರಾ ಹೋಗಾ. ಇಂಥವರು ಯಾವಾಗ್ಲೂ ಕುಡ್ದೇ ಬೀಳೋದು." ಹಾಗೆಂದು ದಾಳ ಉರುಳಿಸಿದಳು. ಅದು ಜೋಕುಮಾರನ ಕಾಲಿಗೆ ತಾಗಿ ತಿರುಗಿ ಇಪ್ಪತ್ತರ ಮೇಲೆ ನಿಂತಿತು. ಅನಿಕೇತ್ ಹೋ ಎಂದು ಕೂಗಿ ಮೇಜು ಗುದ್ದಿದ. ಇಪ್ಪತ್ತು ಬಿದ್ದರೆ ಕೇಳಿದ್ದು ಸಿಗಲೇಬೇಕು ಎಂಬುದು ಆಟದ ನಿಯಮ.

"ವಾಸನೆ ಇಲ್ಲ," ಎಂದ ಸೋಮನಾಥ.

"ಅರೇ, ಇಪ್ಪತ್ತು ಬಿದ್ದಿದೆ ಯಾರ್. ಸ್ವಲ್ಪನಾದ್ರೂ ವಾಸನೆ ಕೊಡು."

"ಇಲ್ಲ ಅಂದ್ರೆ ಇಲ್ಲ."

"ಓಕೆ ಓಕೆ, ರಿಲ್ಯಾಕ್ಸ್," ಎಂದ ಅನಿಕೇತ್, ಸಮಾಧಾನ ಮಾಡುವವನಂತೆ. "ಹಾಗಾದ್ರೆ ಅವನು ಸೈಡ್ ಕ್ಯಾರೆಕ್ಟರ್, ಕ್ಲೂ ಅಲ್ಲ. ಮುಂದೆ ಹೋಗೋಣ."

ಮುಂದೆ ಹೋದರು. ಹೆಣವನ್ನು ದಾಟಿಕೊಂಡು ಹೋದರು. ಎರಡು ವರ್ಷ ಕಟ್ಟಿದ ದಾರಿ ಬಂದು ನಿಲ್ಲಬೇಕಾದ ಜಾಗ ಅದು, ಅಲ್ಲಿ ಅವರು ನಿಂತದ್ದು ಪಿಜ್ಜಾದ ಒಂದು ತುತ್ತು ನುಂಗುವಷ್ಟು ಹೊತ್ತು. ಸೋಮನಾಥನ ಕಿವಿ ಗುಯ್‌ಗುಟ್ಟತೊಡಗಿತು. ನಾಲಿಗೆ ಮಾತ್ರ ಅಭ್ಯಾಸದಂತೆ ಹೇಳುತ್ತಲೇ ಹೋಯಿತು: ಮಣ್ಣಿನ ದೊರೆ ಎದುರು ಬಂದ, ಸತ್ತವರ ಮಾತೆಲ್ಲ ಅವನ ಬಾಯೊಳಗಿದೆ, ಹೊತ್ತು ಮುಳುಗುವುದರೊಳಗೆ ಅವನನ್ನು ಕಲ್ಲಿಗೆ ಒಪ್ಪಿಸಬೇಕು, ನಿಮ್ಮ ಕೈಯಲ್ಲಿದೆ. ಮೂವರೂ ತಲೆ ಕೂಡಿಸಿ ಮಾತಾಡಿಕೊಂಡರು. ಸ್ನೇಹಲ್‌ಳ ಕಣ್ಣಲ್ಲಿ ನೀರೇ ಬಂದಿತ್ತು. ನಾವು ಅವನನ್ನು ಕೊಲ್ಲಲ್ಲ, ಎಂದಳು. ಎಷ್ಟು ಕ್ರೂರ ಜನ ಈ ಕಗ್ಗಲ್ಲಿನವರು, ಪಾಪ, ಅವನೇನು ಮಾಡಿದಾನೆ? ನಾವು ಅವನನ್ನು ನಮ್ಮ ಕೋಟೆಗೆ ಕರ್ಕೊಂಡು ಹೋಗ್ತೀವಿ, ಅವನು ಸುಖವಾಗಿ ಇರ್ತಾನೆ.

"ಕೊಲ್ಲದಿದ್ರೆ ದೂರು ಮುಟ್ಟೋದಿಲ್ಲ," ಎಂದ ಸೋಮನಾಥ.

"ಯಾವ ದೂರು?" ಎಂದ ಅನಿಕೇತ್.

"ಗೋಡೆಯಲ್ಲಿರೋರದ್ದು. ಕೆಳಗೆ ಬಿದ್ದಿದ್ದನಲ್ಲ, ಅವನದ್ದು."

"ಅವನು ಸತ್ತಾಯ್ತಲ್ಲ ಭಾಯ್. ಇರೋನನ್ನ ಉಳಿಸೋಣ. ನಿರ್ಧಾರ ನಮ್ದು ತಾನೇ?" ಅನಿಕೇತ್ ಜೋಕುಮಾರನನ್ನು ಎರಡು ಬೆರಳಲ್ಲಿ ಎತ್ತಿ, ಟೀವಿಯ ಪಕ್ಕದ ಕಪಾಟಿನಲ್ಲಿ, ಪ್ಲಾಸ್ಟಿಕ್ಕಿನ ಡ್ರ್ಯಾಗನ್ನಿಗೂ ಬೆಳ್ಳಿಯ ಗಣಪತಿಗೂ ನಡುವೆ ಜಾಗ ಮಾಡಿ ಇಟ್ಟ. "ಇದು ಇಲ್ಲೇ ಇರ್ಲಿ. ನಮ್ಮ ಎರಡು ವರ್ಷದ ಆಟದ ಕ್ಯಾಂಪೇನ್ ನೆನಪಿಗೆ. ಸೇಫ್ ಆಗಿರುತ್ತೆ."

ಆ ಒಂದು ಮಾತಿಗೆ ಸೋಮನಾಥ ಎದ್ದುಬಿಟ್ಟ. ಕುರ್ಚಿ ಹಿಂದಕ್ಕೆ ಉರುಳಿತು. ಅವ್ವನ ಏಳು ಸಂಜೆಯ ನಡಿಗೆ, ಭಾಂಡುಪ್ ಧಾರಾವಿಯ ಅಷ್ಟು ಹೆಂಗಸರ ಬೆಣ್ಣೆ, ಬಂಜೆಯರ ಅಳು, ಅಪ್ಪನ ಒಂಟಿ ಚಪ್ಪಲಿ, ಎಲ್ಲ ಇವರ ಕಪಾಟಿನಲ್ಲಿ ಧೂಳು ತಿನ್ನುತ್ತ, ಅಪ್ಪನೇ ಗಿಲಾಯಿ ಮಾಡಿದ ಗೋಡೆಗೆ ಬೆನ್ನು ಹಚ್ಚಿ, ಸುಖವಾಗಿ ಇರಬೇಕು! ಇವರು ಕೆಟ್ಟವರಾಗಿದ್ದರೆ ಎಷ್ಟು ಸುಲಭವಿತ್ತು. ಕಣ್ಣಲ್ಲಿ ನೀರು ತಂದುಕೊಂಡು ಕೊಲ್ಲುವ ಇವರ ಕರುಣೆಗೆ ಬೆಂಕಿ ಬೀಳಲಿ.

"ನಿಮ್ಮ ಬಾಲ್ಕನಿ ಇನ್ನೂ ಬಾಲ್ಕನಿ ಆಗಿರಲಿಲ್ಲ," ಎಂದ. "ಬರೀ ಸ್ಲ್ಯಾಬ್ ಇತ್ತು. ಹೊರಗೆ ಬಿದಿರು ಕಟ್ಟಿದ್ರು, ಕೊಳೆತ ಹಗ್ಗದಲ್ಲಿ. ಅದರ ಮೇಲೆ ನಿಂತು ಈ ಗೋಡೆಗೆ ಗಿಲಾಯಿ ಮಾಡ್ತಿದ್ದ ನಮ್ಮಪ್ಪ, ಸಿದ್ದರಾಮಪ್ಪ, ಇಲ್ಲಿಂದ ಬಿದ್ದ. ಈಗ ಮಕ್ಕಳು ಸೈಕಲ್ ಹೊಡೀತಾವಲ್ಲ, ಅಲ್ಲಿ. ಅವನು ಕುಡಿದಿರಲಿಲ್ಲ. ಅವನು ಯಾವತ್ತೂ ಕುಡಿದವನೇ ಅಲ್ಲ. ಕೇಳಿಸ್ತಾ ನಿಮಗೆ? ಕುಡಿದಿರಲಿಲ್ಲ!"

ನರಿ ಊಳಿಡುತ್ತಿತ್ತು. ಮೇಣದ ಬತ್ತಿ ಚಿಟಚಿಟ ಎಂದಿತು. ಅನಿಕೇತ್ ಬಾಯಿ ತೆರೆದುಕೊಂಡೇ ಇದ್ದ. ಆಮೇಲೆ ಅವನ ಮುಖ ನಿಧಾನವಾಗಿ ಅರಳಿತು.

"ಭಾಯ್," ಎಂದ ಪಿಸುದನಿಯಲ್ಲಿ, "ಇದೂ ಕ್ಯಾಂಪೇನಿನದೇ ಭಾಗವಾ?"

ಸ್ನೇಹಲ್ ತೋಳು ಚಾಚಿ, ನೋಡಿ ನೋಡಿ, ರೋಮ ಎಲ್ಲ ಎದ್ದಿದೆ, ಎಂದು ತೋರಿಸಿ ಚಪ್ಪಾಳೆ ತಟ್ಟಿದಳು. ಕಟ್ಟಡವೇ ಗೋಪುರ! ನಾವೇ ಮೇಲಿನವರು! ಎಂಥಾ ಟ್ವಿಸ್ಟ್! ಅನಿಕೇತ್ ಅವಳ ಜೊತೆ ತಟ್ಟಿದ. ಶುಭಾಂಗಿ ತಟ್ಟಲಿಲ್ಲ. "ಸೋಮ್," ಎಂದಳು, "ಖರೇನ?" ಕನ್ನಡದ ಆ ಒಂದು ಮಾತಿಗೆ ಉತ್ತರ ಕೊಡಲು ಹೋದರೆ ಅಲ್ಲೇ ಕುಸಿಯುತ್ತೇನೆಂದು ಅವನಿಗೆ ಗೊತ್ತಾಯಿತು. ತಪ್ಪು ಅವರದೂ ಅಲ್ಲ ಎಂಬುದೂ ಗೊತ್ತಾಯಿತು, ಅದರಿಂದ ಸಿಟ್ಟು ಇನ್ನೂ ನೆತ್ತಿಗೇರಿತು. ಎರಡು ವರ್ಷ ಇದೇ ದನಿಯಲ್ಲಿ ಅವರಿಗೆ ಸುಳ್ಳು ಲೋಕ ಉಣಿಸಿದವನು ಅವನೇ. ಇದೇ ದನಿಯಲ್ಲಿ ನಿಜ ಹೇಳಿದರೆ ಅವರಾದರೂ ಹೇಗೆ ಗುರುತು ಹಿಡಿದಾರು? ಕಪಾಟಿಗೆ ಕೈ ಹಾಕಿ ಜೋಕುಮಾರನನ್ನು ಎತ್ತಿ ಎದೆಗವಚಿಕೊಂಡ. ಬೆಳ್ಳಿಯ ಗಣಪತಿ ಮಗ್ಗುಲಾಗಿ ಬಿತ್ತು. ನಕ್ಷೆ, ದಾಳ, ಬ್ಯಾಗು ಎಲ್ಲ ಅಲ್ಲೇ ಬಿಟ್ಟು, ಮುಂಬಾಗಿಲಿನಿಂದ ಹೊರಬಿದ್ದು, ಮನೆಯವರ ಲಿಫ್ಟಿನಲ್ಲೇ ಇಳಿದ. ಒಳಗಿನ ಕನ್ನಡಿಯಲ್ಲಿ ಅವನೂ ಜೋಕುಮಾರನೂ ಇಬ್ಬರೂ ಬಾಯಿ ತೆರೆದುಕೊಂಡಿದ್ದರು.

ಭೀಮರಾಯ ಇಸ್ತ್ರಿ ಪೆಟ್ಟಿಗೆಯ ಕೆಂಡ ಊದುತ್ತಿದ್ದ. ತಲೆಯೆತ್ತಿ ಅವನನ್ನೂ ಅವನ ಎದೆಯ ಮೇಲಿದ್ದುದನ್ನೂ ನೋಡಿದ.

"ಬಂದ್ಯಾ ಸಿದ್ರಾಮನ ಮಗನ? ಎರಡು ವರ್ಷಾತು, ಹಿಂದಿನ ಗೇಟಿನಾಗ ನುಸುಳಿ ಹೊಕ್ಕೋತ ಹೋಗ್ತಿ. ನಾ ಕುರುಡ ಅಂತ ತಿಳದಿಯೇನ?"

ಸೋಮನಾಥ ಮೂರ್ತಿಯನ್ನು ಚಾಚಿದ. ಭೀಮರಾಯ ತಗೊಳ್ಳಲಿಲ್ಲ, ಬಿಸಿಲು ನೋಡಿದ, ತನ್ನ ಮೊಣಕಾಲು ಒತ್ತಿಕೊಂಡ.

"ಹೊತ್ತು ಮುಣಗಾಕ ಬಂತು. ಇಲ್ಲಿ ಕಲ್ಲು ಎಲ್ಲೈತಪ್ಪ? ಭಾಂಡುಪದಾಗ ನಾಲಾದ ಬಾಜೂಕ ಇತ್ತು. ಇಲ್ಲಿ ನೆಲಕ್ಕೆಲ್ಲಾ ನುಣ್ಣನ ಫರಸಿ. ನಾ ಎದಿ ಮ್ಯಾಲ ಬಡ್ಕೋಲೇನು?"

ಸೋಮನಾಥ ಕೈ ಮಾಡಿ ತೋರಿಸಿದ. ಗೇಟಿನ ಪಕ್ಕದಲ್ಲಿ ಸೊಂಟದೆತ್ತರಕ್ಕೆ ಕೂರಿಸಿದ ಕರಿಯ ಗ್ರಾನೈಟಿನ ಬಂಡೆ. ಅದರ ಮುಖದ ಮೇಲೆ ಬಿಲ್ಡಿಂಗಿನ ಹೆಸರು, ಕೆಳಗೆ ಕಟ್ಟಿಸಿದವರ ಹೆಸರು, ಬಂಗಾರದ ಅಕ್ಷರ. ನಿನ್ನೆಯ ಗಣಪತಿಯ ಹಾರ ಇನ್ನೂ ಮೇಲೆ ಬಾಡಿ ಬಿದ್ದಿತ್ತು.

"ಹುಚ್ಚಗಿಚ್ಚ ಹಿಡದೈತೇನಲೇ?" ಎಂದ ಭೀಮರಾಯ. "ನನ್ನ ಮೇಜು ಎತ್ತಿ ರೋಡಿಗೆ ಒಗೀತಾರ ಇವರು. ನಿಮ್ಮಪ್ಪ ಕೊಡಿಸಿದ ಜಾಗಾ ಇದು."

"ಗೊತ್ತೈತಿ."

ಗೇಟಿನೊಳಕ್ಕೆ ಒಂದು ಕಾರು ಬಂತು, ವಾಚ್‌ಮನ್ ಸಲಾಮು ಹೊಡೆದ. "ರಾಚವ್ವ ಏನ್ ಹೇಳಿ ಕಳಿಸ್ಯಾಳ ಈ ಸಲ?" ಎಂದು ಭೀಮರಾಯ ಕೇಳಿದ.

"ಅದ."

"ಕುಡದಿರಲಿಲ್ಲ," ಎಂದ ಭೀಮರಾಯ, ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು. "ಆವತ್ತ ಮುಂಜಾನಿ ಇಲ್ಲೇ ನನ್ನ ಜೋಡಿ ಚಾ ಕುಡದು, ಆ ಹಗ್ಗ ಸರಿ ಇಲ್ಲೋ ಭೀಮಾ, ಅಂದು ಮ್ಯಾಲ ಹತ್ತಿದ. ಯಾರರ ಕೇಳಿದ್ರ ಹೇಳತಿದ್ದೆ. ಕೇಳಿದವರ ಇಲ್ಲ." ಹೆಗಲ ಟವೆಲ್ಲು ತೆಗೆದು ತಲೆಗೆ ಸುತ್ತಿದ. "ಕೊಡಿಲ್ಲಿ. ಹೊಳ್ಳಿ ನಿಂದ್ರು. ನೋಡಬ್ಯಾಡ."

ಸೋಮನಾಥ ಮೂರ್ತಿ ಕೊಟ್ಟು, ರಸ್ತೆಯ ಕಡೆ ಮುಖ ಮಾಡಿ ನಿಂತ. ಹಿಂದೆ ಕುಂಟು ಹೆಜ್ಜೆಯ ಸಪ್ಪಳ. ಬಾಡಿದ ಹಾರ ಎಳೆದು ಎಸೆದ ಸಪ್ಪಳ. ಆಮೇಲೆ ಮೊದಲ ಏಟು. ಹಸಿಮಣ್ಣು ಒಣಗಿ ಗಟ್ಟಿಯಾಗಿತ್ತು, ಒಡೆಯಲಿಲ್ಲ. ಎರಡನೆಯದಕ್ಕೆ ಒಡೆಯಿತು. ಏಯ್, ಏಯ್, ಕ್ಯಾ ಕರ್ ರಹಾ ಹೈ, ಎಂದು ವಾಚ್‌ಮನ್ ಓಡಿಬಂದ ಬೂಟಿನ ಸದ್ದು. ಭೀಮರಾಯ ನಿಲ್ಲಿಸಲಿಲ್ಲ. ಹೊತ್ತವರು ಅಳಬೇಕು. ಸೋಮನಾಥ ಬಾಯಿಗೆ ಕೈ ತಂದುಕೊಂಡ, ದನಿ ಬರಲಿಲ್ಲ. ಕೈಗೆ ಕಮಟು ಬೆಣ್ಣೆ ಮೆತ್ತಿತ್ತು, ಅದರ ರುಚಿ ತುಟಿಗೆ ಹತ್ತಿತು. ಇನ್ನೊಂದು ಸಲ ಬಡಿದುಕೊಂಡ, ಜೋರಾಗಿ, ಹಲ್ಲಿಗೆ ತಾಗುವ ಹಾಗೆ. ಆಗ ಬಂತು. ಎಲ್ಲಿತ್ತೋ ಇಷ್ಟು ವರ್ಷ, ಹೊಟ್ಟೆಯ ತಳದಿಂದ, ಅವ್ವನ ದನಿಯಂಥದೇ ಒಂದು ದನಿ, ಲಬೋ ಲಬೋ ಎಂದು ಹೊರಬಂತು. ಅದು ಅಳುವೂ ಅಲ್ಲ, ಬೈಗುಳವೂ ಅಲ್ಲ, ಎರಡೂ ಹೌದು. ಅಪ್ಪಾ ಎಂದ. ಸಿದ್ದರಾಮಪ್ಪ ಎಂದ. ಕುಡಿದಿರಲಿಲ್ಲ, ಹೋಗಿ ಹೇಳು, ಹಗ್ಗ ಕೊಳೆತಿತ್ತು, ಹೋಗಿ ಹೇಳು ಎಂದು ಬಾಯಿ ಬಡಿದುಕೊಂಡ. ಸೈಕಲ್ಲಿನ ಮಕ್ಕಳು ಗೇಟಿನ ಕಂಬಿ ಹಿಡಿದು ನಿಂತವು. ರಿಕ್ಷಾ ನಿಂತಿತು. ಬಾಲ್ಕನಿಗಳ ಕಿಟಕಿಗಳು ಒಂದೊಂದಾಗಿ ಸರಿದವು. ಏಳನೇ ಮಾಳಿಗೆಯಿಂದ ಅನಿಕೇತ್, ಸೋಮ್, ಸೋಮ್, ಎಂದು ಕೂಗುತ್ತಿದ್ದ, ಆ ದನಿಯಲ್ಲಿ ಈಗ ನಗು ಇರಲಿಲ್ಲ. ಬೆನ್ನ ಹಿಂದೆ ಲಿಫ್ಟಿನಿಂದ ಓಡಿಬಂದ ಯಾವುದೋ ಹೆಣ್ಣಿನ ಚಪ್ಪಲಿಯ ಸದ್ದು ಗೇಟಿನ ಹತ್ತಿರ ಬಂದು ನಿಂತಿತು. ಅವ್ವ ಹೇಳಿದ್ದಳಲ್ಲ, ಸೋಮನಾಥ ತಿರುಗಿ ನೋಡಲಿಲ್ಲ. ಉಳಿದವರೆಲ್ಲ ನೋಡುತ್ತಿದ್ದರು.